‘ನಾವು’ ಅಂದರೆ ನಿನ್ನ ಭಾವ ಒಬ್ಬರೇ

ಮನೆಯಿಂದ, ಮಂಗಳವಾರ ಬೆಳಿಗ್ಗೆ

ಪ್ರೀತಿಯ ತಮ್ಮಾ,

ನಿನ್ನ ಕೆಮ್ಮು ಹೇಗಿದೆ? ಹೋಟೆಲಿನ ಒಲೆ ಮುಂದೆ ಬೆವತು ಹಾಗೇ ಗಾಳಿಗೆ ಹೋಗಬೇಡ, ಎದೆಗೆ ಇಳಿಯುತ್ತದೆ. ಇಲ್ಲಿ ನಾವೆಲ್ಲ ಚೆನ್ನಾಗಿದ್ದೇವೆ. ‘ನಾವು’ ಅಂತ ಬರೆಯುವುದಕ್ಕೂ ಈಗ ನನಗೆ ಹೆದರಿಕೆ, ಯಾಕೆಂದು ಹೇಳುತ್ತೇನೆ.

ನಿನ್ನ ಭಾವ ಪ್ರಭುಗಳಾಗಿದ್ದಾರೆ. ನಗಬೇಡ. ಇವರ ಬೀಗದಂಗಡಿಗೆ ಪೆಟ್ಟಿಗೆಯ ಬೀಗ ರಿಪೇರಿಗೆಂದು ಬಂದ ಸೂಟಿನ ಮನುಷ್ಯನೊಬ್ಬ, ‘ನಿಮ್ಮ ಮೂಗು ನೋಡಿದ್ರೇ ಗೊತ್ತಾಗುತ್ತೆ, ಇದು ಅರಮನೆ ಮೂಗು’ ಅಂದನಂತೆ. ಆ ಮೂಗು ರಾತ್ರಿಯೆಲ್ಲ ಹೊಡೆಯುವ ಗೊರಕೆ ಅವನಿಗೇನು ಗೊತ್ತು! ಯಾವುದೋ ಮುಳುಗಿಹೋದ ದ್ವೀಪಕ್ಕೆ ಪ್ರಭುಗಳಿಲ್ಲ ಅಂತ ಇವರಿಗೆ ಆ ಪದವಿ ಮಾರಿ ಹೋದ. ಅದರ ಕಾಗದಕ್ಕೆ ಚೌಕಟ್ಟು ಹಾಕಿಸಿ ಗೋಡೆಗೆ ಹೊಡೆದಿದ್ದಾರೆ. ಪೊಲೀಸರು ಬಂದರೆ ಏನು ಗತಿ ಅಂತ ನಾನು ಅದರ ಮೇಲೆ ಕ್ಯಾಲೆಂಡರ್ ನೇತುಹಾಕುತ್ತೇನೆ, ಅವರು ತೆಗೆಯುತ್ತಾರೆ. ಪ್ರಭುಗಳು ‘ನಾನು’ ಅನ್ನಬಾರದಂತೆ, ‘ನಾವು’ ಅನ್ನಬೇಕಂತೆ. ಹೋದ ವಾರ ‘ನಾವು ಊಟ ಮಾಡಿದ್ವಿ’ ಅಂದರು. ಮಗಳದೂ ಆಯಿತೇನೋ ಅಂದುಕೊಂಡು ಪಾತ್ರೆ ತೊಳೆದಿಟ್ಟೆ. ಪಾಪ, ಅವಳು ಬ್ರೆಡ್ ತಿಂದು ಮಲಗಿದಳು.

ಅಷ್ಟಕ್ಕೇ ಮುಗಿದಿದ್ದರೆ ಸಹಿಸುತ್ತಿದ್ದೆ. ಭಾನುವಾರ ಅವಳನ್ನು ನೋಡಲು ಗಂಡಿನ ಕಡೆಯವರು ಬಂದಿದ್ದರು. ಹುಡುಗ ಕನ್ನಡಕದ ಅಂಗಡಿಯಲ್ಲಿದ್ದಾನೆ, ಮೆತ್ತನೆ ಸ್ವಭಾವ. ಇವಳಿಗೂ ಮನಸ್ಸಿದೆ, ಕನ್ನಡಿ ಮುಂದಿನಿಂದ ಏಳುತ್ತಲೇ ಇರಲಿಲ್ಲ. ಹುಡುಗನ ಅಪ್ಪ ಟೈಲರ್. ಅವರು ಮರ್ಯಾದೆಗೆ, ‘ಕೂತ್ಕೊಳ್ಳಿ ಯಜಮಾನ್ರೇ, ಯಾಕೆ ನಿಂತೇ ಇದ್ದೀರಿ?’ ಅಂದರು. ನಿನ್ನ ಭಾವ ಆ ಪದವಿಯ ಜೊತೆ ಬಂದ ರೇಷ್ಮೆ ಅಡ್ಡಪಟ್ಟಿಯನ್ನು ಎದೆಗೆ ಹಾಕಿಕೊಂಡು ಗಂಭೀರವಾಗಿ, ‘ನಮಗೆ ಮೂಲವ್ಯಾಧಿ. ತಲೆತಲಾಂತರದಿಂದ ಬಂದದ್ದು’ ಅಂದುಬಿಟ್ಟರು! ದಿನವಿಡೀ ಸ್ಟೂಲಿನ ಮೇಲೆ ಕೂತು ಕೂತು ಇವರೊಬ್ಬರಿಗೇ ಬಂದದ್ದು ಅದು. ತಲೆತಲಾಂತರ ಸೇರಿಸಿದ್ದು ಘನತೆಗೆ. ಟೈಲರ್ ಹೆಂಡತಿ, ನಿಂತುಕೊಂಡು ಕಾಫಿ ಕೊಡುತ್ತಿದ್ದ ನಮ್ಮ ಹುಡುಗಿಯನ್ನು ಮೇಲಿಂದ ಕೆಳಗೆ ನೋಡಿದರು. ಗಾಬರಿಯಲ್ಲಿ ನಾನೂ ನಿಂತೇ ಇದ್ದೆನಲ್ಲೋ! ‘ಮನೆತನಕ್ಕೇ ಕಾಯಿಲೆ ಇರೋ ಕಡೆ ಬೇಡ’ ಅಂತ ನಿನ್ನೆ ಹೇಳಿಕಳಿಸಿದರು.

ಹುಡುಗಿ ಮುಖ ಊದಿಸಿಕೊಂಡು ಮಲಗಿದ್ದಾಳೆ. ಹೋಗಿ ‘ನಮಗೆ’ ಅಲ್ಲ, ‘ನನಗೆ’ ಅಂತ ಒಂದು ಮಾತು ಹೇಳಿಬನ್ನಿ ಅಂದರೆ, ‘ಪ್ರಭುಗಳು ಆಡಿದ ಮಾತು ವಾಪಸ್ ತಗೊಳ್ಳೋ ಹಾಗಿಲ್ಲ ಕಣೇ’ ಅನ್ನುತ್ತಾರೆ. ಊರಿನ ಬೀಗವೆಲ್ಲ ತೆಗೆಯುವವರಿಗೆ ಬೀಗರ ಮನೆ ಬಾಗಿಲು ಮುಚ್ಚಿತಲ್ಲಪ್ಪಾ. ನೀನಾದರೂ ಬಂದು ಬುದ್ಧಿ ಹೇಳು. ಬರುವಾಗ ಬಸ್ಸಿನ ಕಿಟಕಿ ಪಕ್ಕ ಕೂರಬೇಡ.

ಊರವರಿಗೆಲ್ಲ ಬಡಿಸುವವನು ನೀನೂ ಹೊತ್ತಿಗೆ ಸರಿಯಾಗಿ ಉಂಡು ತಣ್ಣಗಿರು.

ಇಂತಿ ನಿನ್ನ
ಅಕ್ಕ

ತಾ.ಕ.: ಕವರಿಗೆ ಅಂಟು ಹಚ್ಚುತ್ತಿದ್ದೆ, ನಿನ್ನ ಭಾವ ಬಂದರು. ನನಗೂ ಹೇಳದೆ, ಅಡ್ಡಪಟ್ಟಿ ಬಿಚ್ಚಿ ಜೇಬಿಗೆ ತುರುಕಿಕೊಂಡು ಟೈಲರ್ ಅಂಗಡಿಗೆ ಹೋಗಿದ್ದರಂತೆ. ಗಿರಾಕಿಗಳೆಲ್ಲರ ಎದುರಿಗೇ, ‘ಮೂಲವ್ಯಾಧಿ ನನಗೆ. ನನಗೊಬ್ಬನಿಗೇ. ನನ್ನ ಮಗಳಿಗೆ ಏನೂ ಇಲ್ಲ’ ಅಂದು ಬಂದಿದ್ದಾರೆ. ಬರುವ ಭಾನುವಾರ ಗಂಡಿನ ಕಡೆಯವರು ಮಾತುಕತೆಗೆ ಬರುತ್ತಾರೆ, ನೀನು ಶನಿವಾರವೇ ಬಾ. ಬುದ್ಧಿ ಹೇಳುವುದು ಬೇಡ. ಇವರು ಆ ಚೌಕಟ್ಟಿನ ಮೇಲೆ ತಾವೇ ಕ್ಯಾಲೆಂಡರ್ ನೇತುಹಾಕಿ ಗೋಡೆಗೆ ಒರಗಿ ನಿಂತಿದ್ದಾರೆ. ಬಂದ ಕೂಡಲೇ, ಮೆಲ್ಲಗೆ, ಒಂದೇ ಒಂದು ಸಲ ‘ಪ್ರಭುಗಳೇ’ ಅಂದುಬಿಡಪ್ಪ.