ಅಮ್ಮ ಕನಸಲ್ಲಿ ಬಂದಿದ್ಲು

ಚಾಮರಾಜಪೇಟೆ
ಮೇ ೪, ಗುರುವಾರ

ಪ್ರೀತಿಯ ಸರ್ವಮಂಗಳಕ್ಕಾ,

ನಿನ್ನ ಮಂಡಿನೋವು ಹೇಗಿದೆ? ತನ್ಮಯಿ, ಕೂಸು ಚೆನ್ನಾಗಿದ್ದಾರಾ? ಬಾಣಂತಿಗೆ ತಣ್ಣೀರು ಮುಟ್ಟಿಸಬೇಡ, ಅವಳು ಹಟ ಮಾಡಿದರೂ ಸರಿಯೇ. ಫೋನು ಬಿಟ್ಟು ಪತ್ರ ಬರೆಯುತ್ತಿದ್ದಾಳಲ್ಲ ಅನ್ನಬೇಡ. ಈ ಮನೆಯಲ್ಲಿ ಪಿಸುಗುಟ್ಟಿದರೂ ನನ್ನ ವಾರಗಿತ್ತಿ ಲಾವಣ್ಯಾಳ ಕಿವಿಗೆ ಬೀಳುತ್ತದೆ.

ಅವಳದೇ ವಿಷಯ. ಇಪ್ಪತ್ತೆರಡು ವರ್ಷದಿಂದ ಪ್ರತಿ ಶುಕ್ರವಾರ ಮಾರ್ಕೆಟ್ಟಿನಿಂದ ಹೂ ತಂದು ನಮ್ಮ ಬೀದಿಯ ಮುತ್ಯಾಲಮ್ಮನಿಗೆ ಅಲಂಕಾರ ಮಾಡುತ್ತಿರುವವಳು ನಾನು. ಆದರೆ ಎಲೆಕ್ಷನ್ನಿಗೆ ನಿಂತಿರುವ ಯೋಗಾನಂದ ಕಳೆದ ವಾರ ಗುಡಿಯಿಂದಲೇ ಪ್ರಚಾರ ಶುರುಮಾಡಿದಾಗ, ಮೆರವಣಿಗೆಯ ಮುಂದೆ ಕಳಶ ಹೊರಲು ಕರೆದದ್ದು ಅವಳನ್ನು. ಬಂದು ಮೂರು ವರ್ಷ, ಒಂದು ದಿನ ಗುಡಿಯ ಕಸ ಗುಡಿಸಿದವಳಲ್ಲ! ನಾನು ಆರತಿ ತಟ್ಟೆ ಹಿಡಿದು ಮುಂದೆ ಹೋದರೆ ಅವರ ಕಡೆಯವನೊಬ್ಬ, "ಆಂಟಿ, ಸ್ವಲ್ಪ ಹಿಂದೆ ನಿಂತ್ಕೊಳ್ಳಿ, ಫೋಟೋಗೆ ಅಡ್ಡ ಬರ್ತಿದೀರ" ಅಂದ. ಅಮ್ಮನಿಗೆಂದು ನಾನು ಕಟ್ಟಿದ್ದ ಕನಕಾಂಬರದ ಹಾರ ಆ ಯೋಗಾನಂದನ ಕೊರಳಲ್ಲಿತ್ತು. ಮರುದಿನ ಮನೆಮನೆಗೂ ಕರಪತ್ರ ಬಂತು. ನಡುವೆ ಲಾವಣ್ಯಾ, ಪಕ್ಕದಲ್ಲಿ ಕೈಮುಗಿದ ಯೋಗಾನಂದ, ಮೇಲೆ 'ತಾಯಿಯ ಆಶೀರ್ವಾದ ನಮಗೇ' ಎಂದು ದಪ್ಪಕ್ಷರ. ಅವಳ ಮೂಗುತಿ ಕೂಡ ಹೊಳೆಯುತ್ತಿತ್ತು. ನನ್ನದು ಬರೀ ಕೈ ಬಂದಿದೆ, ಬಳೆಯಿಂದ ಗುರುತು ಹಿಡಿದೆ. ನಮ್ಮವರು ಅದನ್ನು ಫ್ರಿಜ್ಜಿಗೆ ಅಂಟಿಸಿ, "ಥೇಟ್ ಲಕ್ಷ್ಮಿ ತರ ಕಾಣ್ತಾಳೆ ನೋಡೇ" ಅಂದರು. ಆ ದಿನ ಸಾರಿಗೆ ಉಪ್ಪು ಹಾಕಿದೆನೋ ಇಲ್ಲವೋ ನನಗೆ ನೆನಪಿಲ್ಲ.

ಸೋಮವಾರ ಎದುರು ಪಾರ್ಟಿಯ ಮುತ್ತುರಾಜ್ ಓಟು ಕೇಳಲು ಬಂದಾಗ ಯಾರೂ ಕರೆಯದಿದ್ದರೂ ಆರತಿ ಹಿಡಿದು ಮುಂದೆ ನಿಂತೆ. ಲಾವಣ್ಯಾ ಮಹಡಿಯಿಂದ ನೋಡುತ್ತಿದ್ದಳು. ಅವಳನ್ನು ಕಂಡದ್ದೇ ತಡ, ಬಾಯಿಂದ ಬಂದೇಬಿಟ್ಟಿತು: "ಅಮ್ಮ ಕನಸಲ್ಲಿ ಬಂದಿದ್ಲು. ಈ ಮಗನಿಗೇ ಓಟು ಹಾಕಿ ಅಂದ್ಲು." ಮುತ್ತುರಾಜ್ ನನ್ನ ಕಾಲಿಗೇ ಬಿದ್ದ! ಮೈಕ್ ಹಿಡಿದು ಇನ್ನೊಮ್ಮೆ ಹೇಳಿಸಿ ರೆಕಾರ್ಡ್ ಮಾಡಿಕೊಂಡರು. ಈಗ ಪ್ರಚಾರದ ಆಟೋಗಳಲ್ಲೆಲ್ಲ ನನ್ನದೇ ದನಿ. ಬೀದಿಯ ಹೆಂಗಸರು ನನ್ನನ್ನು ಕಂಡರೆ ಸೆರಗು ಸರಿಮಾಡಿಕೊಳ್ಳುತ್ತಾರೆ. ಲಾವಣ್ಯಾ ಮೂರು ದಿನದಿಂದ ಮಾತು ಬಿಟ್ಟಿದ್ದಾಳೆ, ಕಣ್ಣು ಊದಿಕೊಂಡಿವೆ. ನನಗೆ ಸಂತೋಷವಾಯಿತು ಅಕ್ಕಾ, ನಿನ್ನ ಹತ್ತಿರ ಮುಚ್ಚಿಡುವುದೇನಿದೆ?

ಭಾವನವರಿಗೆ ನಮಸ್ಕಾರ. ಕೂಸಿನ ಕೆನ್ನೆಗೆ ನನ್ನ ಮುತ್ತು.

ನಿನ್ನ ತಂಗಿ
ಪ್ರೇಮಲತಾ

ತಾ.ಕ.: ಲಕೋಟೆ ಅಂಟಿಸುವಷ್ಟರಲ್ಲಿ ಎದುರುಮನೆಯ ಶಕುಂತಲಮ್ಮನವರು ಬಂದು ನನ್ನ ಪಾದ ಮುಟ್ಟಿದರು. ಎಪ್ಪತ್ತು ದಾಟಿದವರು. ಬರುವ ಸೋಮವಾರ ಅವರಿಗೆ ಹಾರ್ಟ್ ಆಪರೇಷನ್ ಆಗಬೇಕಿತ್ತಂತೆ, ಬೇಡವೆಂದು ಹೇಳಿ ಬಂದಿದ್ದಾರೆ. "ಅಮ್ಮ ನಿನ್ನ ಕನಸಲ್ಲಿ ಬಂದು ಹೇಳೋವರ್ಗೂ ನಾನು ಆಸ್ಪತ್ರೆಗೆ ಹೋಗಲ್ಲ" ಅಂದರು. ನನಗೆ ಯಾವ ಕನಸೂ ಬಿದ್ದಿರಲಿಲ್ಲ ಅಕ್ಕಾ. ಲಾವಣ್ಯಾಳ ಮುಖ ಸಣ್ಣದಾಗಲಿ ಅಂತ ಹೇಳಿದ ಸುಳ್ಳು. ಅದನ್ನು ಅವರಿಗೂ ಬಾಯಿಬಿಟ್ಟು ಹೇಳಿದೆ. "ನನ್ನ ಭಕ್ತಿ ಪರೀಕ್ಷೆ ಮಾಡ್ತಿದೀಯ ತಾಯಿ" ಎಂದು ಕೈಮುಗಿದು ಹೊರಟುಹೋದರು. ನಾನು ಸುಳ್ಳಿ ಎಂದು ಅವರೆದುರು ಸಾಧಿಸಿ ಹೇಳಬಲ್ಲವಳು ಈ ಬೀದಿಯಲ್ಲಿ ಲಾವಣ್ಯಾ ಒಬ್ಬಳೇ. ಅವಳ ಬಾಗಿಲು ತಟ್ಟಲು ಹೋಗುತ್ತಿದ್ದೇನೆ.