ಒರೆಸಿ ಚಾಚಿದ ಚೆಂಡು

ಗುಬ್ಬೀ,

ಅರ್ಹತಾ ಸುತ್ತಿನ ಕೊನೆಯ ಪಂದ್ಯ ಗೆದ್ದೆವು ಕಣೇ. ಖಂಡಮಟ್ಟದ ಫುಟ್‌ಬಾಲ್ ಕಪ್‌ಗೆ ನಮ್ಮ ತಂಡ ಹೋಗುತ್ತಿದೆ. ಹುಡುಗಿಯರೆಲ್ಲ ಹೊರಗೆ ಕುಣಿಯುತ್ತಿದ್ದಾರೆ. ನಾನು ಬೂಟನ್ನೂ ಬಿಚ್ಚದೆ ಒಳಗೆ ಬೆಂಚಿನ ಮೇಲೆ ಕೂತು ಇದನ್ನು ಬರೆಯುತ್ತಿದ್ದೇನೆ.

ಆಟ ಮುಗಿಯಲು ಎರಡು ನಿಮಿಷವಿದ್ದಾಗ ಪೆನಾಲ್ಟಿ ಸಿಕ್ಕಿತು. ಚೆಂಡನ್ನು ನನ್ನ ಅಂಗಿಗೆ ಒರೆಸಿ, ತಲೆ ಎತ್ತದೆ, ಪೆನಾಲ್ಟಿ ಹೊಡೆಯಲು ನೀನು ಯಾವಾಗಲೂ ನಿಲ್ಲುತ್ತಿದ್ದ ಎಡಗಡೆಗೆ ಚಾಚಿದೆ. ಹಾಳು ಕೈಗೆ ಅಭ್ಯಾಸ. ಅಲ್ಲಿ ಯಾರೂ ಇರಲಿಲ್ಲ. ನಿನ್ನ ಒಂಬತ್ತನೇ ನಂಬರು ಹಾಕಿಕೊಂಡ ಹೊಸ ಹುಡುಗಿ ಬಲಗಡೆಯಿಂದ, "ಅಕ್ಕಾ, ಇಲ್ಲಿದೀನಿ, ಕೊಡಿ" ಅಂದಳು. ಚೆನ್ನಾಗಿಯೇ ಹೊಡೆದಳು.

ಆಮೇಲೆ ಕೋಚ್ ಬಂದು, "ನಿನ್ನ ಗೆಳತಿಯ ಮಂಡಿ ಈಗ ಹೇಗಿದೆಯಮ್ಮಾ?" ಎಂದು ಕೇಳಿದರು. "ವಾಸಿಯಾಗಿದೆಯಂತೆ ಸರ್" ಎಂದುಬಿಟ್ಟೆ. ಎರಡು ವರ್ಷದಿಂದ ನಾನು ನಿನ್ನನ್ನು ಕೇಳಿಯೇ ಇಲ್ಲ.

ನಿನ್ನ ಮಂಡಿಗೆ ಪೆಟ್ಟಾದ ಅಭ್ಯಾಸದ ಆ ಬೆಳಿಗ್ಗೆಯೂ, ಏನಾಯಿತೆಂದು ಅವರು ಕೇಳಿದ್ದು ನನ್ನನ್ನೇ. "ನಾನು ಚೆಂಡಿಗೇ ಕಾಲು ಹಾಕಿದ್ದು ಸರ್" ಅಂದಿದ್ದೆ. ನೀನು ಮಂಡಿ ಹಿಡಿದುಕೊಂಡು ಹುಲ್ಲಿನ ಮೇಲೆ ಬಿದ್ದಿದ್ದೆ. ನೀನು ಹೊಡೆದ ಚೆಂಡು ಆಗಲೇ ಬಲೆಯೊಳಗಿತ್ತು. ನೀನು ಒಮ್ಮೆ ಅದರ ಕಡೆ, ಒಮ್ಮೆ ನನ್ನ ಕಡೆ ನೋಡಿ, "ಹೌದು ಸರ್, ಚೆಂಡಿಗೇ" ಅಂದೆ.