ಕಾಣದ ಆರ್‌ಎನ್‌ಎ

ಹೊಸಪೇಟೆ, ಫೆಬ್ರವರಿ ೧೨, ಗುರುವಾರ

ಇವತ್ತೂ ಆ ಪುಟ್ಟ ಆರ್‌ಎನ್‌ಎ ಕಾಣಿಸಲಿಲ್ಲ. ಕಬ್ಬಿಣ ಸಿಗದಾದಾಗ ಬ್ಯಾಕ್ಟೀರಿಯಾ ಅದನ್ನು ತಯಾರಿಸಬೇಕು. ಕಬ್ಬಿಣ ಬೇಡುವ ಪ್ರೋಟೀನುಗಳನ್ನು ಕಟ್ಟಲು ಹೇಳುವ ಸಂದೇಶಗಳಿಗೆ ಅದು ಅಂಟಿಕೊಂಡು, ಅವು ನಾಶವಾಗುವಂತೆ ಮಾಡಬೇಕು. ಹೋದ ವರ್ಷ ಎರಡು ಸಲ ಚೆನ್ನಾಗಿ ಕಂಡಿತ್ತು. ಆಮೇಲೆ ಒಮ್ಮೆಯೂ ಇಲ್ಲ. ಸಂಡೂರಿನ ಕಬ್ಬಿಣದ ಅದಿರಿನ ಧೂಳು ನನ್ನ ದ್ರಾವಣಕ್ಕೆ ಬೀಳುತ್ತಿದೆಯೋ, ಮೊದಲು ಕಂಡದ್ದೇ ತಪ್ಪೋ, ತಿಳಿಯುತ್ತಿಲ್ಲ. ಲ್ಯಾಬಿನ ಕಿಟಕಿಗೆ ಒದ್ದೆ ಬಟ್ಟೆ ಕಟ್ಟಿದರೂ ಸಂಜೆಗೆ ಮೇಜೆಲ್ಲ ಕೆಂಪು.

ಗೈಡ್ ಮಾಲತೇಶ್ ಸರ್‌ಗೆ ಹೇಳಿದೆ. "ಲೇಖನದಾಗ ಚೊಲೊ ಬಂದಿದ್ದು ಹಾಕವ್ವ, ಬರದಿದ್ದು ಯಾಕ ಬರೀತಿ? ನಿನ್ನ ಫೆಲೋಶಿಪ್ ಮುಗಿಯಾಕ ಬಂತು" ಅಂದರು. ನಾನು ಹ್ಞೂಂ ಅನ್ನಲಿಲ್ಲ, ಬೇಡ ಅಂತಲೂ ಅನ್ನಲಿಲ್ಲ. ಅವರ ಸಹಿ ಇಲ್ಲದೆ ನನಗೆ ಪಿಎಚ್‌ಡಿ ಇಲ್ಲ.

ಮನೆಗೆ ಬಂದು ತಟ್ಟೆ ಮುಂದೆ ಸುಮ್ಮನೆ ಕೂತಿದ್ದೆ. "ಯಾಕ ಗಂಗೋತ್ರಿ, ಉಣ್ಣವಲ್ಲಿ?" ಅಂದಳು ಅವ್ವ. ಫೋನ್ ತೆಗೆದು, "ಸರ್, ಲೇಖನ ಜರ್ನಲ್‌ಗೆ ಕಳಿಸಬೇಡಿ. ಅದು ನಿಜವೋ ಅಲ್ಲವೋ ನನಗೇ ಗೊತ್ತಿಲ್ಲ" ಎಂದು ಬರೆದು ಕಳಿಸಿಯೇಬಿಟ್ಟೆ. ಆಮೇಲೆ ಹಸಿವಾಯಿತು, ಉಂಡೆ.

ಉತ್ತರ ಈಗ ಬಂತು. "ಮಧ್ಯಾಹ್ನನ ಕಳಿಸೀನಲ್ಲವ್ವ. ನಿನ್ನ ಹೆಸರೇ ಮೊದಲು ಹಾಕೀನಿ."

ಅವ್ವನಿಗೆ ತೋರಿಸಿದರೆ ಭಾಳ ಖುಷಿಪಡುತ್ತಾಳೆ.